ರುಮಾಲು ತಾಗದ ಕಾರು

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನನ್ನ ಅತ್ತೆ ಕಲಿಸಿದ್ದರು. ಬರೆಯಬಾರದು ಎಂದು ಹೇಳಿರಲಿಲ್ಲ. ಆದ್ದರಿಂದ ಬರೆಯುತ್ತೇನೆ: ಮುರುಗಪ್ಪ. ಮತ್ತೋಡಿನಲ್ಲಿ ತೆಂಗಿನಕಾಯಿ ವ್ಯಾಪಾರ. ತಲೆಗೆ ಬಿಳಿ ರುಮಾಲು, ಮೂಗಿನ ತುದಿಯಲ್ಲಿ ಸಿಟ್ಟು. ಆ ಸಿಟ್ಟಿನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ ಈ ಮಹಾದೇವಮ್ಮನ ಸಿಟ್ಟು ಎಂಥದ್ದಿರಬೇಕು, ನೀವೇ ಯೋಚನೆ ಮಾಡಿ.

ಈಗ ಹೇಳುವುದು ನಮ್ಮ ಮೊಮ್ಮಗಳು ತೇಜಸ್ವಿನಿಗೆ ಕಾರು ತೆಗೆದುಕೊಂಡ ಕತೆ. ಹದಿನೆಂಟು ತುಂಬಿತು, ಮಾರನೆಯ ತಿಂಗಳೇ ಲೈಸೆನ್ಸ್ ಬಂತು, ಅದರ ಹಿಂದೆಯೇ ಹಿರಿಯೂರಿನಲ್ಲಿ ತೋಟಗಾರಿಕೆ ಓದಲು ಸೀಟೂ ಸಿಕ್ಕಿತು. ಸಂತೋಷವೇ. ಆದರೆ ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ನಮ್ಮೂರ ಕಡೆಯ ಬಸ್ಸು ಹೋಗಿಬಿಟ್ಟಿರುತ್ತದೆ. ಮಗ ಕಲ್ಲೇಶ್, ಸೊಸೆ ಅನುಪಮಾ ಇಬ್ಬರೂ ಹೊಸದುರ್ಗದಲ್ಲಿ ಮೇಷ್ಟ್ರುಗಳು. ಲೆಕ್ಕಾಚಾರದ ಜನ. ಹಾಸ್ಟೆಲ್ಲಿಗೆ ಹಾಕೋಣ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು.

"ಹಾಸ್ಟೆಲ್ ಅಂದ್ರೆ ಏನು ಜೈಲಾ ಅಮ್ಮಾ?" ಎಂದ ಕಲ್ಲೇಶ್, ನನ್ನ ಮುಖ ನೋಡಿ.

"ಅವಳಿಗೆ ಜೈಲಲ್ಲಪ್ಪ. ಸಾಯಂಕಾಲ ಆ ಹುಡುಗಿ ಮನೆಗೆ ಬರದಿದ್ರೆ ನನಗೆ ಇಲ್ಲಿ ಜೈಲು" ಎಂದೆ.

ಇದರಲ್ಲಿ ನಾಟಕವೇನೂ ಇರಲಿಲ್ಲ. ಬ್ಯಾಗು ಬಿಸಾಕಿ, ಕೈಕಾಲು ತೊಳೆಯದೆ ಅಡುಗೆಮನೆಗೆ ನುಗ್ಗಿ, ಡಬ್ಬಿಗಳ ಮುಚ್ಚಳ ತೆಗೆದು ನೋಡುವ ಆ ಹುಡುಗಿಯಿಂದಲೇ ನಮ್ಮ ಮನೆಯಲ್ಲಿ ಸಂಜೆ ಆಗುವುದು. ಅವಳಿಗೂ ಮನೆ ಬಿಟ್ಟು ಹೋಗಲು ಇಷ್ಟವಿರಲಿಲ್ಲ. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಆ ದಿನ ಡಬ್ಬಿಗಳನ್ನು ಮುಟ್ಟಲಿಲ್ಲ.

ಮೂಲೆಯಲ್ಲಿ ಕೂತಿದ್ದ ಯಜಮಾನರು ಕೆಮ್ಮಿ, "ಕಾರು ತಗೊಂಡ್ರಾತಪ್ಪ, ಅದಕ್ಯಾಕೆ ಇಷ್ಟು ಮಾತು" ಎಂದರು.

"ಕಾರು ತಗಳೋದು ಒಂದ್ಸಲ ಅಪ್ಪ. ಇನ್ಶೂರೆನ್ಸ್ ವರ್ಷಾ ವರ್ಷಾ ಕಟ್ಬೇಕು. ಅದು ಹಾಸ್ಟೆಲ್ ಖರ್ಚಿಗಿಂತ ಮೇಲೆ ಹೋದ್ರೆ ಕಾರು ಬ್ಯಾಡ. ಹೋಗದಂಗೆ ಮಾಡಿ ತೋರ್ಸು, ನಾನೇ ಕರ್ಕೊಂಡು ಹೋಗಿ ಕೊಡಿಸ್ತೀನಿ" ಎಂದ ಕಲ್ಲೇಶ್.

ಮನೆಯಲ್ಲಿ ಆಗಲೇ ಒಂದು ಸುಮೊ ಇತ್ತು. ತೇಜು ಹುಟ್ಟಿದ ವರ್ಷ ಕೊಂಡದ್ದು. ಹೊಸದುರ್ಗದ ಆಸ್ಪತ್ರೆಯಿಂದ ಹಸುಗೂಸನ್ನು ಮನೆಗೆ ಕರೆತಂದದ್ದೇ ಅದರ ಮೊದಲ ಸವಾರಿ. ಈಗ ಅದಕ್ಕೆ ಯಜಮಾನರಷ್ಟೇ ವಯಸ್ಸಾದಂತಿತ್ತು. ಕ್ಲಚ್ ತುಳಿಯಲು ಏತ ತುಳಿಯುವಷ್ಟು ಬಲ ಬೇಕು; ಅದು ಅವರೊಬ್ಬರ ಮಾತು ಮಾತ್ರ ಕೇಳುತ್ತಿತ್ತು. ನಾನು ಎಡಗಡೆ ಕೂರುತ್ತಿದ್ದೆ. ಎದುರಿಗೆ ಲಾರಿ ಬಂದರೆ ಸಾಕು, ನನ್ನ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಅವರು ನೋಡಿ, "ನಿನ್ನ ಕಡೆ ಬ್ರೇಕಿಲ್ಲ ಕಣೇ" ಎಂದು ಮೀಸೆಯಡಿ ನಗುತ್ತಿದ್ದರು. ಇಷ್ಟು ವರ್ಷ ಇದೇ ಮಾತು, ಇದೇ ನಗು. ನನಗೆ ಒಂದು ಸಲವೂ ನಗು ಬಂದಿಲ್ಲ.

ಇನ್ಶೂರೆನ್ಸ್ ಏಜೆಂಟ್ ಪ್ರಸನ್ನಕುಮಾರ್ ಹೊಸದುರ್ಗದಿಂದ ಬಂದ. ದೂರದ ನೆಂಟನೂ ಹೌದು, ಆದ್ದರಿಂದ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬೋಂಡ ಆಗಲೇಬೇಕು.

"ಬಾರಪ್ಪ, ಕುಂತ್ಕ. ಹುಡುಗಿಗೆ ಹದಿನೆಂಟು ಅಂದ್ರೆ ನಿಮ್ಮ ಕಂಪನಿಯೋರು ಜಾಸ್ತಿ ಜಡೀತಾರೇನು?" ಎಂದು ಯಜಮಾನರು ಶುರುಮಾಡಿದರು.

"ನಮ್ಮ ಕಡೆ ಓಡ್ಸೋರ ವಯಸ್ಸು ನೋಡಲ್ಲ ಯಜಮಾನ್ರೇ" ಎಂದ ಅವನು ಬೋಂಡ ಮುರಿಯುತ್ತ. "ಎಂಜಿನ್ ನೋಡ್ತಾರೆ. ಸಾವಿರ ಸಿಸಿ ಒಳಗಿದ್ರೆ ಕಮ್ಮಿ. ಗಾಡಿ ಬೆಲೆ ನೋಡ್ತಾರೆ. ಸೆಕೆಂಡ್ ಹ್ಯಾಂಡ್ ಆದ್ರೆ ಇನ್ನೂ ಕಮ್ಮಿ. ಬರೀ ಥರ್ಡ್ ಪಾರ್ಟಿ ಮಾಡ್ಸಿದ್ರೆ ಕಮ್ಮಿಯಲ್ಲೇ ಕಮ್ಮಿ."

"ಅಂದ್ರೆ?"

"ನಮ್ಮ ಗಾಡಿ ಯಾರಿಗಾದ್ರೂ ಗುದ್ದಿದ್ರೆ ಅವರಿಗೆ ಕೊಡ್ತಾರೆ. ನಮ್ಮ ಗಾಡಿಗೆ ಏನಾದ್ರೆ ಕೊಡಲ್ಲ."

"ಮಗು ಓಡ್ಸೋ ಗಾಡಿಗೆ ಅರ್ಧಂಬರ್ಧ ಇನ್ಶೂರೆನ್ಸಾ? ಫುಲ್ ಮಾಡ್ಸು" ಎಂದರು ಇವರು. ಕಲ್ಲೇಶನ ಮುಖ ಸಣ್ಣಗಾಯಿತು. ಪ್ರಸನ್ನಕುಮಾರ್ ಮೊಬೈಲಿನಲ್ಲಿ ಏನೋ ಒತ್ತಿ ನೋಡಿ, ತಲೆ ಎತ್ತಿ ಇವರನ್ನೇ ದಿಟ್ಟಿಸಿದ.

"ಯಜಮಾನ್ರೇ, ನಿಮ್ಮ ಸುಮೊಗೆ ವರ್ಷಾ ವರ್ಷಾ ಫುಲ್ ಇನ್ಶೂರೆನ್ಸ್ ಕಟ್ಟೀರಿ. ಒಂದು ಸಲಾನೂ ಕ್ಲೇಮ್ ಮಾಡಿಲ್ಲ. ಒಂದೂ ಇಲ್ಲ!"

ನನಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಸುಮೊ ಎಲ್ಲೂ ಗುದ್ದಿಲ್ಲ ಎಂದಲ್ಲ. ಮೈಲಿಗಲ್ಲಿಗೆ ಗುದ್ದಿದೆ. ನಮ್ಮದೇ ಗೇಟಿಗೆ ಗುದ್ದಿದೆ. ಹೊಳಲ್ಕೆರೆಯಲ್ಲಿ ಸುಮ್ಮನೆ ನಿಂತಿದ್ದ ಎತ್ತಿನ ಗಾಡಿಗೆ ಗುದ್ದಿ ಬಾಗಿಲು ತೂತು ಮಾಡಿಕೊಂಡಿದೆ. ಪ್ರತಿ ಸಲವೂ ಇವರು ಗಾಡಿಯನ್ನು ನೇರ ಹೊಸದುರ್ಗದ ಟಿಂಕರಿಂಗ್ ದಯಾನಂದನ ಶೆಡ್ಡಿಗೆ ಒಯ್ದು, ಅವನು ತಗ್ಗು ಬಡಿದು ಬಣ್ಣ ಹೊಡೆಯುವವರೆಗೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದು, ಏನೂ ಆಗದವರ ಹಾಗೆ ಮನೆಗೆ ಬರುತ್ತಿದ್ದರು. ವರ್ಷಾ ವರ್ಷಾ ಕಟ್ಟುತ್ತೀರಿ, ಕಂಪನಿಯವರನ್ನು ಕೇಳಬಾರದೇ ಎಂದರೆ, "ನಾನು ಗುದ್ದಿದೆ ಅಂತ ಕಂಡೋರ ಮುಂದೆ ಬರ್ಕೊಡ್ಲಾ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ" ಎನ್ನುತ್ತಿದ್ದರು. ಈ ಗಂಡಸಿನ ಜಂಬಕ್ಕೆ ನಾನು ಎಷ್ಟು ಸಲ ಹಣೆ ಚಚ್ಚಿಕೊಂಡಿದ್ದೇನೋ.

"ಅಮ್ಮಾ, ನಗಬ್ಯಾಡ್ರಿ" ಎಂದ ಪ್ರಸನ್ನಕುಮಾರ್. "ಇದಕ್ಕೆ ನೋ ಕ್ಲೇಮ್ ಬೋನಸ್ ಅಂತಾರೆ. ನಮ್ಮ ಗಾಡಿ ಕಡೆಯ ಇನ್ಶೂರೆನ್ಸಿನಾಗೆ ಅರ್ಧಕ್ಕರ್ಧ ಬಿಡ್ತಾರೆ. ಈ ಬೋನಸ್ ಗಾಡೀದಲ್ಲ, ಯಜಮಾನರದು. ಹೊಸ ಗಾಡಿ ಇವರ ಹೆಸರಿಗೇ ತಗೊಂಡ್ರೆ ಅದಕ್ಕೂ ಸಿಗ್ತೈತೆ. ಹಾಸ್ಟೆಲ್ ಲೆಕ್ಕದೊಳಗೆ ಆರಾಮಾಗಿ ಬರ್ತೈತೆ."

ಕಲ್ಲೇಶ್ ಬಾಯಿ ತೆರೆದ. ತೇಜು ಅಜ್ಜನ ಹೆಗಲಿಗೆ ಜೋತುಬಿದ್ದು, "ತಾತಾ, ನೀನು ಬಂಗಾರ!" ಎಂದಳು. ಇವರ ಮುಖ ನೋಡಬೇಕಿತ್ತು. ಮಠದಲ್ಲಿ ಶಾಲು ಹೊದಿಸಿದಾಗಲೂ ಅಷ್ಟು ಅರಳಿರಲಿಲ್ಲ.

"ಆದ್ರೆ ಒಂದು ಐತೆ" ಎಂದು ಪ್ರಸನ್ನಕುಮಾರ್ ದನಿ ತಗ್ಗಿಸಿದ. "ಹಳೇ ಗಾಡಿ ಮಾರಿದ್ರೇನೇ ಬೋನಸ್ ಹೊಸದಕ್ಕೆ ಬರೋದು. ಸುಮೊ ಇಟ್ಕಂಡು ಆಗಲ್ಲ."

ಯಜಮಾನರು ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಸುಮೊ ಬಾಗಿಲು ತೆಗೆದು ಒಳಗೆ ಕೂತು, ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡಿದ್ದರು. ಆ ಹೊತ್ತು ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು, ಹೇಳಲು ನಾಚಿಕೆಯೇನಿದೆ. ಸ್ವಲ್ಪ ಹೊತ್ತಿಗೆ ಒಳಗೆ ಬಂದು, "ಹೊಳಲ್ಕೆರೆ ಸಣ್ಣಪ್ಪ ಬಹಳ ದಿವಸದಿಂದ ಕೇಳ್ತಾ ಅವ್ನೆ. ಕೊಟ್ಬಿಡಾಣ" ಎಂದರು. ತಕ್ಷಣವೇ ಸಿಟ್ಟಿನ ಮುಖ ಹಾಕಿಕೊಂಡು ತೇಜು ಕಡೆ ತಿರುಗಿ, "ನೋಡು, ನನ್ನ ಹೆಸರಿನ ಮೇಲೆ ಓಡೋ ಗಾಡಿ. ನನ್ನ ಹೆಸರಿಗೆ ಒಂದು ಗೀರೂ ಇಲ್ಲ. ಗುದ್ದಿದೋರ ಕೈಯಿಂದ ಅವತ್ತೇ ಕೀಲಿ ಕಸ್ಕಳೋದು. ಆಮೇಲೆ ನೀನು ಹಾಸ್ಟೆಲ್ಲಿಗೆ. ಒಪ್ಪಿಗೆನಾ?" ಎಂದರು.

"ಒಪ್ಪಿಗೆ ತಾತ" ಎಂದಳು ತೇಜು. ಕಲ್ಲೇಶ್ ಅದನ್ನು ಚೆನ್ನಾಗಿ ಕೇಳಿಸಿಕೊಂಡ.

ಸಣ್ಣಪ್ಪ ಬಂದು ಸುಮೊ ಒಯ್ದ ದಿನ ಯಜಮಾನರು ಮಂಡಿಯಲ್ಲಿ ಕೆಲಸವಿದೆ ಎಂದು ಹೇಳಿ ಮನೆಯಲ್ಲೇ ಇರಲಿಲ್ಲ. ಆ ಭಾನುವಾರ ನಾವಿಬ್ಬರು, ಕಲ್ಲೇಶ್, ತೇಜು ನಾಲ್ವರೂ ಚಿತ್ರದುರ್ಗಕ್ಕೆ ಹೋದೆವು. ಹೈವೇ ಪಕ್ಕದಲ್ಲಿ ಹಳೆಯ ಕಾರುಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದರು. ತೇಜು ಕಣ್ಣು ಮೊದಲ ನೋಟಕ್ಕೇ ಒಂದು ಕೆಂಪು ಸ್ವಿಫ್ಟಿನ ಮೇಲೆ ಬಿತ್ತು. ಅದರ ಸುತ್ತ ಸುತ್ತಿದಳು, ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಯಜಮಾನರು ಮಾತ್ರ ಒಂದೊಂದು ಕಾರಿನ ಹತ್ತಿರ ಹೋಗಿ, ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಜೀವಮಾನವಿಡೀ ತೆಂಗಿನಕಾಯಿ ತಟ್ಟಿ ಕೊಂಡವರು. ಅಂಗಡಿಯವನು ನಗು ತಡೆದುಕೊಂಡು ನಿಂತಿದ್ದ.

"ಅಪ್ಪ, ಅದು ಕಾಯಲ್ಲ" ಎಂದು ಕಲ್ಲೇಶ್ ಪಿಸುಗುಟ್ಟಿದ.

"ಸುಮ್ನಿರಲೇ. ಇದು ಠಣ್ ಅನ್ನಲ್ಲ, ಬದ್ ಅಂತೈತೆ. ಒಳಗೆ ಪುಟ್ಟಿ ಮೆತ್ತೌರೆ" ಎಂದರು. ಇಂಥ ಪೆಟ್ಟು ತಿಂದು ಮೆತ್ತಿಸಿಕೊಂಡ ಬಾಗಿಲುಗಳ ಪರಿಚಯ ಇವರಿಗೆ ಎಲ್ಲಿಂದ ಬಂತು ಎಂಬುದು ನನಗೂ ದಯಾನಂದನಿಗೂ ಚೆನ್ನಾಗಿ ಗೊತ್ತು.

ಕೆಂಪು ಸ್ವಿಫ್ಟ್ ಠಣ್ ಎಂದಿತು. ಆದರೆ ಎಂಜಿನ್ ಸಾವಿರ ಸಿಸಿ ಮೀರಿತ್ತು. ಬೋನಸ್ ಇದ್ದದ್ದರಿಂದ ಲೆಕ್ಕ ಹಾಸ್ಟೆಲ್ ಖರ್ಚಿನ ಗೆರೆಯ ಹತ್ತಿರ ಬಂದು ನಿಂತಿತು. ಕಲ್ಲೇಶ್ ಮಗಳ ಮುಖ ನೋಡಿ ಕರಗಿ, "ಆಗ್ಲಿ ಬಿಡು, ಹೆಂಗೋ ಹೊಂದಿಸಾಣ" ಎಂದೂ ಹೇಳಿದ. ಆಗ ಯಜಮಾನರು ಅದರೊಳಗೆ ಕೂತು ನೋಡಿದರು. ಛಾವಣಿಗೆ ರುಮಾಲು ತಾಗಿ ಹಣೆಯ ಮೇಲೆ ಜಾರಿತು. ಅವರು ಸದ್ದಿಲ್ಲದೆ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, "ಚೆನ್ನಾಗೈತೆ ಕಣಮ್ಮ" ಎಂದರು.

ತೇಜು ನೋಡಿದಳು. ಸಾಲಿನ ಕೊನೆಗೆ ಹೋಗಿ, ಡಬ್ಬಿಯಂತೆ ಎತ್ತರಕ್ಕಿದ್ದ ಒಂದು ಬೂದು ಬಣ್ಣದ ವ್ಯಾಗನ್ಆರ್ ಪಕ್ಕ ನಿಂತು, "ತಾತ, ಇದ್ರಾಗೆ ಕುಂತ್ಕ ನೋಡಾಣ" ಎಂದು ಕರೆದಳು. ಇವರು ರುಮಾಲು ಸುತ್ತಿಕೊಂಡು ಕೂತರು. ತಲೆಯ ಮೇಲೆ ಒಂದು ಅಂಗೈ ಜಾಗ ಉಳಿದಿತ್ತು. "ಇದೇ ಸಾಕು ಅಪ್ಪ. ಸಾವಿರ ಸಿಸಿ ಒಳಗೈತೆ, ಇನ್ಶೂರೆನ್ಸೂ ಕಮ್ಮಿ" ಎಂದಳು. ತಂದೆಗೆ ಇನ್ಶೂರೆನ್ಸ್ ಕಂಡಿತು, ತಾತನಿಗೆ ಠಣ್ ಎಂಬ ಸದ್ದು ಕೇಳಿಸಿತು. ಹುಡುಗಿ ಕೊನೆಯ ಸಲ ಕೆಂಪು ಕಾರಿನ ಕಡೆ ತಿರುಗಿ ನೋಡಿದ್ದು ನನಗೊಬ್ಬಳಿಗೇ ಕಂಡಿತು.

ನಮ್ಮ ಕಡೆ ಗಾಡಿ ತೆಗೆದುಕೊಂಡರೆ ಕಣಿವೆ ಮಾರಮ್ಮನ ಗುಡಿಯ ಮುಂದೆ ನಿಲ್ಲಿಸದೆ ಯಾರೂ ಬಳಕೆಗೆ ಇಳಿಸುವುದಿಲ್ಲ. ಮಂಗಳವಾರ ಕಲ್ಲೇಶ, ಅನುಪಮಾ ಇಬ್ಬರಿಗೂ ಶಾಲೆ. ನಾವು ಮೂವರೇ ಹೊರಟೆವು. ತೇಜು ಓಡಿಸಿದಳು, ನಾನು ಮುಂದೆ ಕೂತೆ, ಯಜಮಾನರು ಹಿಂದೆ. ಮುಂದೆ ಬನ್ನಿ ಎಂದರೆ, "ನಾನು ಸ್ಟೇರಿಂಗ್ ಹಿಂದೆ ಕೂರ್ಬೇಕು, ಇಲ್ಲಾಂದ್ರೆ ಸಾಹುಕಾರನಂಗೆ ಹಿಂದುಗಡೆ. ಎಡಗಡೆ ಕೂರೋಕೆ ನಾನೇನು ಕ್ಲೀನರಾ?" ಎಂದರು. ಹುಡುಗಿ ಎಷ್ಟು ಹದವಾಗಿ ಓಡಿಸಿದಳೆಂದರೆ ನನ್ನ ಬಲಗಾಲು ದಾರಿಯುದ್ದಕ್ಕೂ ತೆಪ್ಪಗಿತ್ತು.

ಪೂಜೆ ಆಯಿತು. ಗಾಜಿಗೆ ಕುಂಕುಮ, ಮುಂದೆ ಹೂವಿನ ಹಾರ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ನಿಂಬೆಹಣ್ಣಿನ ಮೇಲೆ ಮೊದಲು ಗಾಡಿ ಹತ್ತಿಸುವುದು ಮನೆಯ ಹಿರಿಯರು; ಅದು ಪದ್ಧತಿ. ತೇಜು ಕೀಲಿ ಕೊಟ್ಟು, ಫೋಟೊ ತೆಗೆಯಲು ಪಕ್ಕಕ್ಕೆ ನಿಂತಳು. ಯಜಮಾನರು ರುಮಾಲು ಸರಿಮಾಡಿಕೊಂಡು ಕೂತು, ಸ್ಟಾರ್ಟ್ ಮಾಡಿ, ಗೇರು ಹಾಕಿ, ಸುಮೊ ತುಳಿಯುವ ಹಾಗೆ ತುಳಿದರು.

ಅದು ಸುಮೊ ಅಲ್ಲವಲ್ಲ. ಕಾರು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಚಂಗನೆ ನೆಗೆದು, ಎದುರಿಗಿದ್ದ ಕಲ್ಲಿನ ಬೆಂಚಿಗೆ ಹೋಗಿ ಗುದ್ದಿತು. ಒಂದು ಹೆಡ್‌ಲೈಟ್ ಪುಡಿಯಾಯಿತು, ಬಂಪರ್ ಒಂದು ಕಡೆ ಜೋತುಬಿತ್ತು. ಇವರಿಗೆ ಏನೂ ಆಗಲಿಲ್ಲ. ರುಮಾಲು ಸಹ ಬೀಳಲಿಲ್ಲ. ಆದರೆ ಇಳಿದವರೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ತೇಜು ಓಡಿ ಬಂದು ತಾತನನ್ನು ಮೇಲಿಂದ ಕೆಳಗೆ ನೋಡಿ, ಬಂಪರನ್ನು ತನ್ನ ವೇಲಿನಿಂದ ಕಟ್ಟಿ, ತಾನೇ ಗಾಡಿಯನ್ನು ಮತ್ತೋಡಿಗೆ ತಿರುಗಿಸಿದಳು.

ಮನೆಯೆದುರಿನ ಕಟ್ಟೆಯ ಮೇಲೆ ಇವರ ಗೆಳೆಯ ಕೆಂಚಣ್ಣ ಕೂತಿದ್ದ. ಮುರಿದ ಲೈಟು ನೋಡಿದವನೇ, "ನಾನು ಅವತ್ತೇ ಹೇಳಿದ್ನಲ್ಲ ಮುರುಗಪ್ಪ! ಹುಡುಗರ ಕೈಗೆ ಗಾಡಿ ಕೊಟ್ರೆ ಹಿಂಗೇ ಆಗೋದು" ಎಂದ.

ಯಜಮಾನರು ಬಾಯಿ ತೆರೆಯುವ ಮೊದಲೇ ತೇಜು, "ಹೂಂ ಕೆಂಚಣ್ಣ ತಾತ, ಬ್ರೇಕ್ ತುಳಿಯೋದು ಒಂಚೂರು ಲೇಟಾತು" ಎಂದುಬಿಟ್ಟಳು. ಇವರು ತೆರೆದ ಬಾಯಿ ಮುಚ್ಚಿಕೊಂಡು ಒಳಗೆ ನಡೆದರು.

ಸಂಜೆ ಕಲ್ಲೇಶ್ ಬಂದು, ಗುದ್ದಿದ್ದು ಯಾರು ಎಂದು ಕೇಳಿದ. "ನಾನೇ ಅಪ್ಪ" ಎಂದು ತೇಜು ಕೀಲಿಯನ್ನು ತಾತನ ಮುಂದಿಟ್ಟಳು. "ಮಾತು ಮಾತೇ ತೇಜು. ಹಾಸ್ಟೆಲ್ಲಿಗೆ ನಾಳೆನೇ ಹೇಳ್ತೀನಿ" ಎಂದ ಅವನು, ಬೇಸರದಿಂದಲೇ. ಯಜಮಾನರು ರೊಟ್ಟಿ ಮುರಿಯುತ್ತಿದ್ದರು, ಬಾಯಿಗೆ ಹಾಕಲಿಲ್ಲ. ನನ್ನ ಮೈ ಉರಿಯಿತು. ಇನ್ನೇನು ಹೇಳಿಯೇಬಿಡಬೇಕು ಎನ್ನುವಷ್ಟರಲ್ಲಿ ತೇಜು ನನ್ನ ಕೈ ಗಟ್ಟಿಯಾಗಿ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಯಾಕೆ ಸುಳ್ಳು ಹೇಳ್ದೆ? ಹಾಸ್ಟೆಲ್ಲಿಗೆ ಹೋಗೋಕೆ ನಿನಗೇನು ಆಸೆನಾ?" ಎಂದೆ.

"ಇಲ್ಲ ಅಜ್ಜಿ. ನಾನು ಗುದ್ದಿದ್ರೆ ಇನ್ನೂ ಕಲೀತಾ ಅವ್ಳೆ ಅಂತಾರೆ. ತಾತ ಗುದ್ದಿದ್ರೆ ತಾತುಂದು ಮುಗೀತು ಅಂತಾರೆ" ಎಂದಳು. ಅಷ್ಟು ಹೇಳಿ ಒಂದು ಡಬ್ಬಿಯ ಮುಚ್ಚಳ ತೆಗೆದು, ಒಳಗೆ ನೋಡದೆಯೇ ಮುಚ್ಚಿದಳು.

ಆ ಹುಡುಗಿಗೆ ಹದಿನೆಂಟು ವರ್ಷ. ನಾನು ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂದು, ಅವತ್ತು ಯಜಮಾನರ ಹಾಲಿಗೆ ಬೆಲ್ಲ ಹಾಕಲಿಲ್ಲ. ಅವರು ಕೇಳಲೂ ಇಲ್ಲ, ಕುಡಿದರು.

ಬೆಳಿಗ್ಗೆ ಸುದ್ದಿ ತಿಳಿದ ಪ್ರಸನ್ನಕುಮಾರ್ ಬಂದ. ಕಲ್ಲೇಶ್ ಶಾಲೆಗೆ ಹೊರಟು ನಿಂತಿದ್ದ. ಕೆಂಚಣ್ಣ ಕಟ್ಟೆಯ ಮೇಲಿದ್ದ. ಪ್ರಸನ್ನಕುಮಾರ್ ಗಾಡಿಯ ಫೋಟೊ ತೆಗೆದು, "ಕ್ಲೇಮ್ ಹಾಕಾಣ. ಮುಂದಿನ ವರ್ಷ ಬೋನಸ್ ಹೋಗ್ತೈತೆ, ಯೋಚನೆ ಮಾಡ್ರಿ. ಗುದ್ದಿದಾಗ ಓಡಿಸ್ತಿದ್ದೋರ ಹೆಸರು, ಲೈಸೆನ್ಸ್ ನಂಬರು ಬೇಕು" ಎಂದ.

"ತೇಜಸ್ವಿನಿ" ಎಂದ ಕಲ್ಲೇಶ್.

"ಮುರುಗಪ್ಪ."

ಎಲ್ಲರೂ ತಿರುಗಿ ನೋಡಿದೆವು. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಪ್ರಸನ್ನಕುಮಾರ್‌ಗೆ ಅರ್ಥವಾಗದೆ, "ಮಾಲೀಕರ ಹೆಸರಲ್ಲ ಯಜಮಾನ್ರೇ, ಓಡಿಸ್ತಿದ್ದೋರದು" ಎಂದ.

"ಅದನ್ನೇ ಹೇಳಿದ್ದು. ಮುರುಗಪ್ಪ. ಗುದ್ದಿದ್ದು ನಾನು." ಕಟ್ಟೆಗೂ ಕೇಳುವಷ್ಟು ದೊಡ್ಡದಾಗಿ ಹೇಳಿದರು. "ಕೆಂಚಣ್ಣ, ಕೇಳಿಸ್ತಾ? ಹುಡುಗಿ ಅಲ್ಲ, ನಾನು. ನನಗೆ ಕಾಲಿನ ಹದ ಸಿಗಲಿಲ್ಲ. ಆ ಮಗು ನನ್ನ ಮಾನ ಉಳಿಸೋಕೆ ಸುಳ್ಳು ಹೇಳ್ತು, ನಾನು ನಿನ್ನೆಯಿಂದ ಅದರ ಹಿಂದೆ ಬಚ್ಚಿಟ್ಕಂಡಿದ್ದೆ."

ಕೆಂಚಣ್ಣ ಕಟ್ಟೆಯಿಂದ ಇಳಿದು ನಿಂತ. ಕಲ್ಲೇಶ್, "ಅಪ್ಪ, ಪರವಾಗಿಲ್ಲ ಬಿಡಪ್ಪ" ಎಂದು ಏನೋ ಹೇಳಹೋದ. ಇವರು ಕೈಯೆತ್ತಿ ತಡೆದರು.

"ಗುದ್ದಿದೋರ ಕೈಯಿಂದ ಕೀಲಿ ಕಸ್ಕಬೇಕು ಅಂತ ರೂಲ್ಸ್ ಮಾಡ್ದೋನು ನಾನೇ." ಜೇಬಿನಿಂದ ಕೀಲಿ ತೆಗೆದು ತೇಜು ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾವೇ ಮಡಚಿದರು. "ಕ್ಲೇಮ್ ಬ್ಯಾಡ ಪ್ರಸನ್ನ. ಬೋನಸ್ ಹಂಗೇ ಇರ್ಲಿ, ಇನ್ನು ಅದು ಇವಳದ್ದು. ಹಾಸ್ಟೆಲ್ ಮಾತು ಯಾರೂ ಎತ್ತಬ್ಯಾಡ್ರಿ. ತೇಜು, ನಡಿ, ದಯಾನಂದನ ಶೆಡ್ಡಿಗೆ ಹೋಗಾಣ."

ತೇಜು ಕಣ್ಣೊರೆಸಿಕೊಂಡು, "ಹೂಂ ತಾತ" ಎಂದಳು. ನನ್ನ ಯಜಮಾನರ ಬಗ್ಗೆ ಇಷ್ಟು ವರ್ಷ ಎಷ್ಟೋ ಆಡಿಕೊಂಡಿದ್ದೇನೆ, ಮುಂದೆಯೂ ಆಡಿಕೊಳ್ಳುತ್ತೇನೆ. ಆದರೆ ಆ ಬೆಳಿಗ್ಗೆ ಆ ಬಾಗಿಲಲ್ಲಿ ನಿಂತವರಷ್ಟು ಎತ್ತರದ ಗಂಡಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವರು ಅಭ್ಯಾಸದಂತೆ ಬಲಗಡೆಯ ಬಾಗಿಲಿಗೆ ಹೋದರು. ಹಿಡಿಕೆಯ ಮೇಲೆ ಕೈಯಿಟ್ಟು, ನೆನಪಾಗಿ ಬಿಟ್ಟರು. ಹಿಂದಿನ ಬಾಗಿಲ ಹತ್ತಿರ ಒಂದು ಕ್ಷಣ ನಿಂತರು. ಆಮೇಲೆ ಕಾರನ್ನು ಸುತ್ತಿಕೊಂಡು ಬಂದು ಎಡಗಡೆ ಮುಂದೆ, ನನ್ನ ಜಾಗದಲ್ಲಿ ಕೂತರು. ತೇಜು ಬಗ್ಗಿ ಬೆಲ್ಟ್ ಹಾಕಿದಳು. ಯಾರೂ ಕರೆಯುವ ಮೊದಲೇ ನಾನು ಹಿಂದೆ ಹತ್ತಿದೆ.

ಊರು ದಾಟಿದೆವು. ತಿರುವಿನಲ್ಲಿ ಎದುರಿನಿಂದ ಒಂದು ಕಾಯಿ ಲಾರಿ ಬಂತು. ತೇಜು ಆರಾಮಾಗಿ ಪಕ್ಕಕ್ಕೆ ತೆಗೆದುಕೊಂಡಳು. ಹಿಂದಿನ ಸೀಟಿನಿಂದ ಬಗ್ಗಿ ನೋಡಿದೆ. ಯಜಮಾನರ ಬಲಗಾಲು ಚಪ್ಪಲಿ ಸಮೇತ ನೆಲವನ್ನು ಬಲವಾಗಿ ಒತ್ತಿ ನಿಂತಿತ್ತು.

"ರೀ" ಎಂದೆ, "ನಿಮ್ಮ ಕಡೆ ಬ್ರೇಕಿಲ್ಲ ಕಣ್ರೀ."

ಅವರು ತಿರುಗಲಿಲ್ಲ. ಆದರೆ ಕೈಯನ್ನು ಸೀಟಿನ ಪಕ್ಕದಿಂದ ಹಿಂದಕ್ಕೆ ಚಾಚಿದರು. ನಾನು ಹಿಡಿದುಕೊಂಡೆ.